ದೇವೀರಕ್ಕನ ಪೆಟ್ಟಿನ ಲೆಕ್ಕ

"ಅರ್ಧ ಇಳಿಸಿದ್ರೆ ಪೆಟ್ಟೂ ಅರ್ಧ ತಾನೆ ಆಗೋದು?" ಎಂದರು ದೇವೀರಕ್ಕ, ನನ್ನ ಅಂಗಡಿಯ ಒಳಕ್ಕೆ ಬಾರದೆ, ಜಗಲಿಯ ಆಚೆಗೇ ನಿಂತುಕೊಂಡು.

ನಾನು ಹೊಲಿಗೆ ಮಿಷನ್ನಿನ ಚಕ್ರಕ್ಕೆ ಕೈ ಒತ್ತಿ ನಿಲ್ಲಿಸಿದೆ. ದೇವೀರಕ್ಕ ನನ್ನನ್ನು ಮಾತಾಡಿಸಿ ಬಹಳ ಕಾಲವಾಗಿತ್ತು. ನನ್ನನ್ನು ಮಾತ್ರವಲ್ಲ, ಊರಲ್ಲಿ ಯಾರನ್ನೂ ಸರಿಯಾಗಿ ಮಾತಾಡಿಸಿರಲಿಲ್ಲ. ಮಗಳು ಚೆಲುವಿ ಹೇಳದೆ ಕೇಳದೆ ಮದುವೆಯಾದ ದಿನ ಮರ ಮೆಟ್ಟಿದ ಹೆಂಗಸು, ಇವತ್ತಿನವರೆಗೆ ಬಿಟ್ಟಿರಲಿಲ್ಲ. ಬಿಸಿಲಲ್ಲಿ ನಿಂತಿದ್ದ ಅವರ ತಲೆಯ ಬಿಳಿ ಕೂದಲು ಒಂದೊಂದೂ ಬೇರೆ ಬೇರೆಯಾಗಿ ಮೇಲೆದ್ದು ತೇಲುತ್ತಿತ್ತು. ಸೀರೆಯ ಸೆರಗು ಗಾಳಿ ಇಲ್ಲದಿದ್ದರೂ ಮೈಗೆ ಮೆತ್ತಿಕೊಳ್ಳುತ್ತಿತ್ತು, ಬಿಡುತ್ತಿತ್ತು.

ನಮ್ಮೂರಿನಲ್ಲಿ ಮನುಷ್ಯರ ಮೈಯಲ್ಲಿ ಜುಮ್ಮು ತುಂಬುತ್ತದೆ. ನಡೆದರೆ, ಕೆಲಸ ಮಾಡಿದರೆ, ಸುಮ್ಮನೆ ಕೂತು ಉಸಿರಾಡಿದರೂ ತುಂಬುತ್ತದೆ. ಬರಿಗಾಲಲ್ಲಿ ಓಡಾಡುವವರಿಗೆ ಅದು ಹಾಗೇ ಅಂಗಾಲಿನಿಂದ ನೆಲಕ್ಕೆ ಇಳಿದುಹೋಗುವುದರಿಂದ ಸಂಜೆಯ ಹೊತ್ತಿಗೆ ಅಳತೆಗೆ ಒಂದು ಗೆರೆಯೋ ಎರಡು ಗೆರೆಯೋ ಉಳಿದರೆ ಹೆಚ್ಚು. ಹೊರಗಿನಿಂದ ಬಂದ ಗಂಡ ಹೆಂಡತಿಯ ಕೈಯಿಂದ ನೀರಿನ ಲೋಟ ತೆಗೆದುಕೊಳ್ಳುವಾಗ ಚಟ್ ಎನ್ನುತ್ತದಲ್ಲ, ಅಷ್ಟು. ಆ ಚಟ್ ಕೇಳಿಸದ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ನಮ್ಮಲ್ಲಿ ಪಕ್ಕದ ಮನೆಯವರು ವಿಚಾರಿಸಲು ಬರುತ್ತಾರೆ. ಯಾರಿಗಾದರೂ ಯಾರ ಮೇಲಾದರೂ ತಡೆಯಲಾರದ ಮುನಿಸು ಬಂದರೆ ಮಾತ್ರ ಅವರು ಮರದ ಮೆಟ್ಟು ಹಾಕಿಕೊಳ್ಳುತ್ತಾರೆ. ಮರದ ಮೇಲೆ ನಿಂತವರ ಜುಮ್ಮು ಕೆಳಗೆ ಇಳಿಯುವುದಿಲ್ಲ. ನನ್ನದು ನನಗೇ ಇರಲಿ, ನಿಮಗೂ ಇಲ್ಲ, ನೆಲಕ್ಕೂ ಇಲ್ಲ ಎಂದು ಹೇಳುವ ರೀತಿ ಅದು. ಸಾಮಾನ್ಯವಾಗಿ ಎರಡು ದಿನ, ಮೂರು ದಿನ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಂದ ನನ್ನ ಮೇಲೆ ಹೆಂಡತಿ ಕೆಂಪಾಜಿಯೂ ಒಮ್ಮೆ ಮೆಟ್ಟಲು ಹೊರಟಿದ್ದಳು, ಅಟ್ಟದ ಮೇಲಿಂದ ಮೆಟ್ಟು ತೆಗೆದು ಧೂಳು ಒರೆಸುವಷ್ಟರಲ್ಲೇ ನಗು ಬಂದು ಕೆಳಗಿಟ್ಟಳು.

ದೇವೀರಕ್ಕನಿಗೆ ನಗು ಬರಲಿಲ್ಲ. ಬೆಳಿಗ್ಗೆ ಎರಡು ಗೆರೆ ಇದ್ದ ಮಗಳು ಮಧ್ಯಾಹ್ನ ಕೆರೆ ಏರಿಯ ಕಡೆಯಿಂದ ಒಂದೇ ಗೆರೆಗೆ ಇಳಿದು ಬಂದದ್ದನ್ನು ನೋಡಿ ತಾಯಿಗೆ ಗೊತ್ತಾಗಿಹೋಯಿತು: ಯಾರದೋ ಕೈ ಹಿಡಿದು ಬಂದಿದ್ದಾಳೆ, ಅರ್ಧ ಕೊಟ್ಟು ಬಂದಿದ್ದಾಳೆ. ನಮ್ಮಲ್ಲಿ ಮದುವೆ ಎಂದರೆ ಅಷ್ಟೇ, ಆದರೆ ಆ ಹೊತ್ತಿನಲ್ಲಿ ತಾಯಿ ಹತ್ತಿರ ನಿಂತು ಇಬ್ಬರ ಭುಜದ ಮೇಲೂ ಕೈ ಇಟ್ಟಿರಬೇಕು. ಕೈ ಹಿಡಿದವನು ಹುರಿಗಡಲೆ ಭಟ್ಟಿಯ ಮರಿದೇವ, ಊದಿದರೆ ಹಾರುವ ಹಾಗಿರುವ ಸಣಕಲ ಹುಡುಗ, ಒಳ್ಳೆಯವನು. ದೇವೀರಕ್ಕನಿಗೆ ಅವನ ಮೇಲೆ ಕೋಪವಿರಲಿಲ್ಲ. ತನ್ನನ್ನು ಕರೆಯಲಿಲ್ಲವಲ್ಲ ಎಂದು ಕೋಪ.

ಈಗ ಚೆಲುವಿಗೆ ಹೆಣ್ಣು ಮಗು ಹುಟ್ಟಿತ್ತು. ನಾಳೆ ಬೆಳಿಗ್ಗೆ ಹೆಸರಿಡುವುದು. ಹೆಸರಿಡುವ ದಿನದ ಎಣ್ಣೆನೀರನ್ನು ತಾಯಿಯ ತಾಯಿ ಹಾಕಬೇಕು, ಬರಿಗೈಯಲ್ಲಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು. ಚೆಲುವಿ ಹೇಳಿಕಳಿಸಿದ್ದಳು: ಅಮ್ಮ ಬರಲಿ, ಆದರೆ ಮಗು ಮುಟ್ಟುವ ಮೊದಲು ರಾಚಣ್ಣನ ಹತ್ತಿರ ಲೆಕ್ಕ ಹಾಕಿಸಿಕೊಂಡು ಬರಲಿ. ಇಲ್ಲದಿದ್ದರೆ ಮರಿದೇವನ ಸೋದರತ್ತೆ ಹೇಗೂ ಎಣ್ಣೆ ಕಾಯಿಸಿ ಇಟ್ಟುಕೊಂಡಿದ್ದಾರೆ.

ರಾಚಣ್ಣ ಎಂದರೆ ನಾನೇ. ಲೆಕ್ಕ ನನಗೆ ಯಾರೂ ಕಲಿಸಿದ್ದಲ್ಲ. ಅಳತೆ ತೆಗೆಯುವವನು ದಿನವೆಲ್ಲ ಜನರ ಭುಜ, ಕುತ್ತಿಗೆ, ಮಣಿಕಟ್ಟು ಮುಟ್ಟುತ್ತಾನೆ. ಯಾರು ಎಷ್ಟು ಹೊಡೆಯುತ್ತಾರೆಂದು ಮೊದಲೇ ಗೊತ್ತಿಲ್ಲದಿದ್ದರೆ ಈ ಕಸುಬು ಮಾಡುವುದಕ್ಕಾಗುವುದಿಲ್ಲ. ಅಂಗಡಿಯಲ್ಲಿ ಒಂದು ಎಲೆಬಾಟಲಿ ಇಟ್ಟುಕೊಂಡಿದ್ದೇನೆ. ಗಾಜಿನ ಬಾಟಲಿ, ಬಿರಡೆಯಲ್ಲಿ ಹಿತ್ತಾಳೆಯ ಗುಂಡು, ಒಳಗೆ ಎರಡು ತೆಳು ಬೇಗಡೆಯ ಎಲೆ. ಗುಂಡಿನ ಹತ್ತಿರ ಬೆರಳು ತಂದರೆ ಮೈಯಲ್ಲಿ ಎಷ್ಟು ಏರಿದೆಯೋ ಅಷ್ಟು ಎಲೆಗಳು ಅಗಲವಾಗುತ್ತವೆ. ಗಾಜಿನ ಮೇಲೆ ಗೆರೆ ಗೀರಿದ್ದೇನೆ.

ದೇವೀರಕ್ಕ ತೋರುಬೆರಳನ್ನು ದೂರದಿಂದಲೇ ಚಾಚಿದರು. ಎಲೆಗಳು ಹೆದರಿದ ಹಕ್ಕಿಯ ರೆಕ್ಕೆಯ ಹಾಗೆ ಬಿಚ್ಚಿಕೊಂಡವು. ಎಂಟು ಗೆರೆ. ನಾನು ಆವರೆಗೆ ನಾಲ್ಕರ ಮೇಲೆ ನೋಡಿರಲಿಲ್ಲ.

"ಎಂಟ್ರಲ್ಲಿ ನಾಲ್ಕು ಇಳಿಸ್ತೀನಿ," ಎಂದರು. "ಇನ್ನು ನಾಲ್ಕು ನನ್ನ ಹತ್ರ ಇರ್ಲಿ. ಅವಳು ಮಾಡಿದ್ದು ಅಷ್ಟೇನೂ ಸಣ್ಣ ವಿಷಯ ಅಲ್ಲ, ರಾಚ."

ಊರಿನಲ್ಲಿ ಎಲ್ಲರಿಗೂ ಇರುವ ತಪ್ಪು ತಿಳಿವಳಿಕೆ ಇದು. ಬಾಟಲಿಯ ಗೆರೆಗಳು ಸಮದೂರದಲ್ಲಿರುವುದರಿಂದ ಪೆಟ್ಟೂ ಹಾಗೇ ಸಮಸಮವಾಗಿ ಇಳಿಯುತ್ತದೆ ಎಂದುಕೊಳ್ಳುತ್ತಾರೆ. ಹೇಳಿದರೆ ತಲೆ ಆಡಿಸುತ್ತಾರೆ, ಮನೆಗೆ ಹೋಗಿ ಮರೆಯುತ್ತಾರೆ. ನಾನು ಮೇಜಿನ ಕೆಳಗಿನ ಬುಟ್ಟಿಯಿಂದ ಹಳದಿ ಬಟ್ಟೆಯ ಒಂದು ಮುಕ್ಕೋನದ ತುಂಡು ತೆಗೆದು ಕಟ್ಟೆಯ ಮೇಲೆ ಹರಡಿದೆ. ಅದು ಅದೇ ಮಗುವಿನ ಕುಲಾವಿಗೆಂದು ಕತ್ತರಿಸಿಟ್ಟಿದ್ದ ತುಂಡು, ಆದರೆ ಆಗ ಹೇಳಲಿಲ್ಲ. ಇದರ ಎತ್ತರ ನಿಮ್ಮ ಏರು, ಅಂದರೆ ಬಾಟಲಿ ತೋರಿಸಿದ ಗೆರೆ, ಎಂದೆ. ಇದರ ಅಗಲ ನಿಮ್ಮಲ್ಲಿ ಸೇರಿರುವ ಜುಮ್ಮು. ಪೆಟ್ಟು ಎಂದರೆ ಈ ಇಡೀ ಬಟ್ಟೆ.

ಚೌಕದ ಬಟ್ಟೆ ಯಾಕಲ್ಲ, ಮುಕ್ಕೋನ ಯಾಕೆ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಖಾಲಿ ಮೈಗೆ ಮೊದಲ ಚಿಟಿಕೆ ಜುಮ್ಮು ಸುಲಭವಾಗಿ ಸೇರುತ್ತದೆ, ತಡೆಯುವವರು ಯಾರೂ ಇರುವುದಿಲ್ಲ. ಆಮೇಲೆ ಬಂದದ್ದು ಒಳಗೆ ಕೂತಿರುವುದನ್ನು ತಳ್ಳಿಕೊಂಡು ಜಾಗ ಮಾಡಿಕೊಳ್ಳಬೇಕು. ಕೊನೆಯ ಚಿಟಿಕೆಗೆ ಪೂರ್ತಿ ಎತ್ತರ ಹತ್ತುವ ಕಷ್ಟ. ಸೊನ್ನೆಯಿಂದ ಶುರುವಾಗಿ ತುದಿಯವರೆಗೆ ಓರೆಯಾಗಿ ಏರುವುದರಿಂದ ಚೌಕದಲ್ಲಿ ಅರ್ಧ ಮಾತ್ರ ಸಿಗುತ್ತದೆ. ಇಳಿಯುವಾಗಲೂ ಅದೇ ಓರೆಯಲ್ಲೇ ಇಳಿಯುತ್ತದೆ. ಅದಕ್ಕೇ ನನ್ನ ಲೆಕ್ಕ ಹೀಗೆ: ಮೈಯ ಒಡಲು, ಅಂದರೆ ಜುಮ್ಮು ಹಿಡಿಯುವ ಜಾಗ, ಎಷ್ಟೋ ಅದನ್ನು ಏರಿನಿಂದ ಗುಣಿಸು, ಮತ್ತೊಮ್ಮೆ ಏರಿನಿಂದಲೇ ಗುಣಿಸು, ಬಂದದ್ದರಲ್ಲಿ ಅರ್ಧ ತೆಗೆದುಕೊ.

ಅವರ ಮುಖ ನೋಡಿದರೆ ಬಾಯಿಲೆಕ್ಕ ಒಳಗೆ ಇಳಿದಂತೆ ಕಾಣಲಿಲ್ಲ. ಬಟ್ಟೆಯ ತುದಿಯನ್ನು ಹಿಡಿದು ಬುಡಕ್ಕೆ ಮಡಿಸಿದೆ, ಅಕ್ಕಪಕ್ಕದ ಮೂಲೆಗಳನ್ನೂ ಮಡಿಸಿದೆ, ಮತ್ತೆ ಬಿಚ್ಚಿದೆ. ಮಡಿಕೆಯ ಗುರುತಿನಲ್ಲಿ ನಾಲ್ಕು ಸಮನಾದ ಪುಟ್ಟ ಮುಕ್ಕೋನಗಳು ಕಂಡವು. ಮೇಲಿನರ್ಧ ಎತ್ತರದಲ್ಲಿ ಒಂದು, ಕೆಳಗಿನರ್ಧದಲ್ಲಿ ಮೂರು.

"ಅರ್ಧ ಇಳಿಸಿದ್ರೆ ನಿಮ್ಮ ಹತ್ರ ಉಳಿಯೋದು ಇಷ್ಟೇ, ದೇವೀರಕ್ಕ," ಎಂದು ಒಂದು ಪುಟ್ಟ ಮುಕ್ಕೋನದ ಮೇಲೆ ಬೆರಳಿಟ್ಟೆ. "ಮಿಕ್ಕ ಮೂರು ಪಾಲು ಆಗಲೇ ಹೋಗಿರುತ್ತೆ."

ಅವರಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಮೋಸ ಹೋದವರ ಹಾಗೆ ನಿಂತರು. ಅರ್ಧ ಕೋಪ ಇಟ್ಟುಕೊಳ್ಳಬಹುದು ಎಂದು ನಂಬಿ ಬಂದವರಿಗೆ ಕಾಲು ಪಾಲು ಮಾತ್ರ ಸಿಗುತ್ತದೆ ಎಂದರೆ ಇನ್ನೇನಾಗುತ್ತದೆ. ಅದರ ಮೇಲೆ ನಾನು ಇನ್ನೊಂದು ಮಾತನ್ನೂ ಹೇಳಬೇಕಾಯಿತು. ಎಳೆ ಮಗು ತಡೆಯುವುದು ಒಂದು ಗೆರೆಯ ಪೆಟ್ಟು. ಎಂಟು ಗೆರೆ ಎಂದರೆ ಅದರ ಎಂಟರಷ್ಟಲ್ಲ, ಅರವತ್ತನಾಲ್ಕರಷ್ಟು. ಹೋದ ತಿಂಗಳು ಇವರ ಕೈ ನೆಕ್ಕಲು ಹೋದ ಸಾಬಮ್ಮನ ಮೇಕೆ ಬೀದಿಯ ನಡುವೆ ಕೂತುಬಿಟ್ಟಿತ್ತು. ಈಗಲೂ ಅದು ಆಚೆ ಬೀದಿಯಲ್ಲೇ ಸುತ್ತಿ ಮೇಯಲು ಹೋಗುತ್ತದೆ. ಅರ್ಧ ಇಳಿಸಿದರೂ ಹದಿನಾರು ಉಳಿಯುತ್ತದೆ. ಮತ್ತೊಮ್ಮೆ ಅರ್ಧ, ಮಗದೊಮ್ಮೆ ಅರ್ಧ. ಮೂರು ಸಲ ಇಳಿದರೆ ಒಂದು.

"ಎಲ್ಲಾನೂ ಒಟ್ಟಿಗೆ ನೆಲಕ್ಕೆ ಸುರಿದುಬಿಡು ಅಂತೀಯಾ?" ಎಂದರು.

ಹಾಗೆ ನಾನು ಅನ್ನುವುದುಂಟೆ. ತುಂಬಿದ ಜುಮ್ಮನ್ನು ಒಮ್ಮೆಗೇ ನೆಲಕ್ಕೆ ಸುರಿಯುವುದು ನಮ್ಮಲ್ಲಿ ಪ್ರಾಣ ಹೋದವರಿಗೆ, ಚಾಪೆಯಿಂದ ಇಳಿಸಿ ಮಣ್ಣಿನ ಮೇಲೆ ಮಲಗಿಸಿದಾಗ. ಬದುಕಿದ್ದವರು ಹಂಚಬೇಕು. ಎಂಟು ಗೆರೆಯವರ ಕೈಯನ್ನು ಅಷ್ಟೇ ಒಡಲಿನ ಖಾಲಿ ಮೈಯವರು ಹಿಡಿದರೆ ಇಬ್ಬರೂ ನಾಲ್ಕಕ್ಕೆ ಬಂದು ನಿಲ್ಲುತ್ತಾರೆ. ಹಿಡಿಯುವವರು ಮಣೆಯ ಮೇಲೆ ನಿಂತಿರಬೇಕು, ಇಲ್ಲದಿದ್ದರೆ ಅವರ ಮೂಲಕ ಎಲ್ಲ ನೆಲಕ್ಕೇ ಹೋಗುತ್ತದೆ. ಮತ್ತು ಮೊದಲ ಕೈ, ಅತಿ ದೊಡ್ಡ ಚಟ್, ಯಾರ ಕಾರಣಕ್ಕೆ ಮರ ಮೆಟ್ಟಿದ್ದೋ ಅವರದ್ದು. ಚೆಲುವಿ ಬಾಣಂತಿ. ಉಳಿದವನು ಮರಿದೇವ.

ದೇವೀರಕ್ಕ ತಿರುಗಿ ಹೊರಟರು. ಟಕ್ ಟಕ್ ಎಂದು ಮೆಟ್ಟಿನ ಸದ್ದು ಮಾಡುತ್ತ ಬೀದಿಯ ಕೊನೆಯವರೆಗೆ ಹೋದರು. ಬರುತ್ತೇನೆಂದೂ ಅನ್ನಲಿಲ್ಲ, ಬರುವುದಿಲ್ಲವೆಂದೂ ಅನ್ನಲಿಲ್ಲ.

ಸಂಜೆ ಕುಲಾವಿ ಹೊಲಿದು ಮುಗಿಸಿ, ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕವನ್ನು ಇನ್ನೊಮ್ಮೆ ಬರೆದು ನೋಡಿದೆ. ಮೊದಲು ದೇವೀರಕ್ಕನ ಹತ್ತಿರ ಅರವತ್ತನಾಲ್ಕು. ಮರಿದೇವ ಕೈ ಹಿಡಿದ ಮೇಲೆ ಅವರ ಹತ್ತಿರ ಹದಿನಾರು, ಇವನ ಹತ್ತಿರ ಹದಿನಾರು. ಕೂಡಿದರೆ ಮೂವತ್ತೆರಡು. ಇನ್ನು ಮೂವತ್ತೆರಡು ಎಲ್ಲಿ ಹೋಯಿತು? ಜುಮ್ಮು ಒಂದು ಚಿಟಿಕೆಯೂ ಚೆಲ್ಲಿಲ್ಲ, ಇವರದ್ದು ಅರ್ಧ ಅವನಿಗೆ ಹೋಗಿದೆ, ಅಷ್ಟೇ. ಆದರೂ ಪೆಟ್ಟಿನಲ್ಲಿ ಅರ್ಧ ಕಾಣೆ. ಮೂರು ಸಲ ಬರೆದೆ, ಮೂರು ಸಲ ಒರೆಸಿದೆ. ಕೆಂಪಾಜಿ ಊಟಕ್ಕೆ ಕರೆಯಲು ಬಂದವಳು ನನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು. ಏನಾಗಿದೆಯೆಂದು ಕೇಳಿದಳು. ಹೇಳಿದೆ.

"ಚಟ್ ಅನ್ನೋದು ಪುಗಸಟ್ಟೆ ಬರುತ್ತಾ?" ಎಂದಳು.

ನಾನು ಸೀಮೆಸುಣ್ಣ ಕೆಳಗಿಟ್ಟೆ. ಆ ಬೆಳಕು, ಆ ಸದ್ದು, ಬೆರಳ ತುದಿಯ ಬಿಸಿ, ಬೆಚ್ಚಿಬಿದ್ದು ಆಮೇಲೆ ನಗುವುದು, ಇವೆಲ್ಲ ಎಲ್ಲಿಂದ ಬರಬೇಕು. ಕೈ ಹಿಡಿಯುವುದಕ್ಕೇ ಅರ್ಧ ಖರ್ಚಾಗುತ್ತದೆ. ಇಷ್ಟು ವರ್ಷ ಲೆಕ್ಕ ಹಾಕಿದವನಿಗೆ ಅದು ಹೊಳೆದಿರಲಿಲ್ಲ. ಅವಳಿಗೆ ಸಾರು ಆರುತ್ತದೆಂಬ ಯೋಚನೆ.

ಬೆಳಿಗ್ಗೆ ಮರಿದೇವನ ಅಂಗಳದಲ್ಲಿ ಮೂರು ಮಣೆ ಹಾಕಿಸಿದೆ. ಮರಿದೇವನಿಗೆ, ನನಗೆ, ಕೊನೆಗೆ ಇಳಿದ ಪೆಟ್ಟಿನಲ್ಲಿ ಚೆಲುವಿಗೆ. ಕೆಂಪಾಜಿ ನನ್ನ ಮಣೆಯ ಮೇಲೆ ತಾನು ಹೋಗಿ ನಿಂತಳು. ನಿನಗೆ ಬಾಟಲಿ ನೋಡುವ ಕೆಲಸವಿದೆ, ಅಲ್ಲದೆ ದೇವೀರಕ್ಕ ನನಗೆ ಹೂ ಕಟ್ಟುವುದು ಕಲಿಸಿದವರು, ನಿನಗಲ್ಲ ಎಂದಳು. ಮರಿದೇವನ ಸೋದರತ್ತೆ ಎಣ್ಣೆಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಿಸಿಲು ತೆಂಗಿನ ಗರಿಯ ತಡಿಕೆಯ ಮೇಲೆ ಬಂದಿತ್ತು. ಅದರ ಹಿಂದೆ ಹಂಡೆಯಲ್ಲಿ ನೀರು ಕಾಯುತ್ತಿತ್ತು. ಇನ್ನು ಬರುವುದಿಲ್ಲವೇನೋ ಎಂದು ಚೆಲುವಿ ಮಗುವನ್ನು ಸೋದರತ್ತೆಯ ಕಡೆ ಚಾಚುವ ಹೊತ್ತಿಗೆ ಬೀದಿಯಲ್ಲಿ ಟಕ್ ಟಕ್ ಕೇಳಿಸಿತು.

ದೇವೀರಕ್ಕ ಹೊಸ ಸೀರೆ ಉಟ್ಟಿದ್ದರು. ತಲೆಗೆ ಎಣ್ಣೆ ಹಾಕಿ ಬಾಚಿದ್ದರು, ಆದರೂ ಕೂದಲು ಮಾತು ಕೇಳಿರಲಿಲ್ಲ. ಅವರನ್ನು ಕಂಡದ್ದೇ ಮರಿದೇವ, ಪಾಪ, ಒಳ್ಳೆಯ ಮನೆಯಲ್ಲಿ ಬೆಳೆದ ಹುಡುಗ, ಮಣೆಯಿಂದ ಕೆಳಗಿಳಿದು ಅತ್ತೆಯ ಕಾಲಿಗೆ ಬೀಳಲು ಬಗ್ಗಿದ. ಬರಿಗಾಲು ನೆಲದ ಮೇಲೆ, ಕೈ ಅವರ ಪಾದದಿಂದ ಒಂದು ಗೇಣು ದೂರ. ನಾನು ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದೆ. ನಾನೇ ಹೊಲಿದ ಕಾಲರು, ಹರಿಯಲಿಲ್ಲ. ಮರ್ಯಾದೆ ಆಮೇಲೆ, ಮೊದಲು ಮಣೆ ಹತ್ತು ಎಂದೆ.

ಅವನು ಕೈ ಚಾಚಿದ. ದೇವೀರಕ್ಕ ಅವನ ಕೈಯನ್ನೇ ನೋಡುತ್ತ ನಿಂತರು, ಭಟ್ಟಿಯ ಮರಳಿನಲ್ಲಿ ಸುಟ್ಟು ಕಲೆಯಾಗಿದ್ದ ಕೈ. ಆಮೇಲೆ ಕಣ್ಣು ಮುಚ್ಚಿಕೊಂಡು ತಮ್ಮ ಬೆರಳನ್ನು ಮುಂದೆ ತಂದರು. ಇನ್ನೂ ನಾಲ್ಕು ಬೆರಳು ದೂರವಿರುವಾಗಲೇ ನಡುವೆ ಒಂದು ನೀಲಿ ದಾರ ಎಳೆದಂತಾಯಿತು. ಚಟ್ ಎಂದ ಸದ್ದಿಗೆ ಮಾಡಿನ ಮೇಲಿದ್ದ ಗುಬ್ಬಿಗಳೆಲ್ಲ ಎದ್ದವು. ಮರಿದೇವ ಮಣೆಯ ಮೇಲೆ ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅವನ ಕೂದಲು ಹೊಸ ಪೊರಕೆಯ ಹಾಗೆ ನಿಂತಿತ್ತು.

"ನೋವಾಯ್ತೇನಪ್ಪ?" ಎಂದರು ದೇವೀರಕ್ಕ. ಅಳಿಯನಿಗೆ ಅವರು ಆಡಿದ ಮೊದಲ ಮಾತು.

"ಇಲ್ಲ ಅತ್ತೆ. ಬಾಯಲ್ಲಿ ತಾಮ್ರದ ರುಚಿ ಬಂತು."

"ನಂಗೂ," ಎಂದರು ಅವರು, ನಾಲಿಗೆ ಚಪ್ಪರಿಸಿ.

ನಾನು ಬಾಟಲಿ ಹಿಡಿದೆ. ನಾಲ್ಕಕ್ಕೆ ಬರಬೇಕಾಗಿದ್ದ ಎಲೆಗಳು ಐದರಲ್ಲಿ ನಿಂತಿದ್ದವು. ಮತ್ತೊಮ್ಮೆ ನೋಡಿದೆ, ಐದೇ. ಆಮೇಲೆ ನನ್ನ ತಪ್ಪು ನನಗೇ ಕಂಡಿತು. ಇಬ್ಬರ ಒಡಲೂ ಒಂದೇ ಎಂದು ಲೆಕ್ಕ ಹಾಕಿದ್ದೆ. ಅವನ ಮೈಮೇಲಿನ ಅಂಗಿ ಹೊಲಿದವನು ನಾನೇ, ಎದೆಯ ಅಳತೆ ಮರೆತು ಕೂತಿದ್ದೆ. ಸಣ್ಣ ಪಾತ್ರೆ ಬೇಗ ತುಂಬುತ್ತದೆ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಲೇಬೇಕಾಯಿತು: ಹುಡುಗ ಸಣಕಲ, ಅರ್ಧ ತೆಗೆದುಕೊಳ್ಳಲು ಅವನಲ್ಲಿ ಜಾಗವಿಲ್ಲ.

ದೇವೀರಕ್ಕ ಬಾಗಿಲ ಕಡೆ ತಿರುಗಿದರು.

"ಇವನಿಗೆ ಊಟಕ್ಕೆ ಹಾಕಲ್ವೇನೇ?"

ಚೆಲುವಿ ಮಗುವನ್ನು ಎದೆಗೆ ಒತ್ತಿಕೊಂಡು ನಿಂತಿದ್ದವಳು, "ನೀನೇ ಬಂದು ಹಾಕು," ಎಂದಳು.

ಕೆಂಪಾಜಿ ಕಾಯಲಿಲ್ಲ. ಮಣೆಯ ಮೇಲಿಂದ ಬಗ್ಗಿ ದೇವೀರಕ್ಕನ ಎರಡೂ ಕೈ ಹಿಡಿದಳು, ಚಟ್ ಎಂದಾಗ ಇಬ್ಬರೂ ಚಿಕ್ಕ ಹುಡುಗಿಯರ ಹಾಗೆ ಕುಪ್ಪಳಿಸಿ ನಕ್ಕರು. ನನ್ನ ಹೆಂಡತಿಯ ಒಡಲು ಧಾರಾಳವಾದದ್ದು, ಇದನ್ನು ನಾನು ಮನೆಯಲ್ಲಿ ಹೇಳುವುದಿಲ್ಲ. ಎಲೆಗಳು ಎರಡೂವರೆಗೆ ಇಳಿದವು. ಆಮೇಲೆ ಚೆಲುವಿ ಮಗುವನ್ನು ಸೋದರತ್ತೆಯ ಕೈಗೆ ಕೊಟ್ಟು ಮೂರನೆಯ ಮಣೆ ಹತ್ತಿದಳು. ತಾಯಿ ಮಗಳು ಮುಖ ನೋಡಿಕೊಳ್ಳದೆ ಕೈ ಹಿಡಿದರು. ಈ ಸಲದ ಚಟ್ ಸಣ್ಣದು, ಮನೆಗಳಲ್ಲಿ ಸಂಜೆ ಕೇಳಿಸುತ್ತದಲ್ಲ, ಅಂಥದ್ದು. ಸಮ ಆದ ಮೇಲೆ ಎಷ್ಟು ಹೊತ್ತು ಹಿಡಿದಿದ್ದರೂ ಅಲ್ಲಿಂದಿಲ್ಲಿಗೆ ಏನೂ ಹರಿಯುವುದಿಲ್ಲ. ಅದನ್ನು ಹೇಳೋಣವೆಂದುಕೊಂಡೆ, ಅವರು ಕೈ ಬಿಡಲಿಲ್ಲ, ನಾನೂ ಸುಮ್ಮನಾದೆ.

ಬಾಟಲಿ ಒಂದೂಕಾಲು ತೋರಿಸಿತು. ಕಾಲು ಗೆರೆ ತಾನೆ ಎಂದು ಬಿಡುವ ಹಾಗಿಲ್ಲ, ಏರಿನ ಮೇಲೆ ಏರು ಗುಣಿಸಿದರೆ ಪೆಟ್ಟು ಒಂದೂವರೆಯನ್ನು ದಾಟುತ್ತದೆ. ಸೋದರತ್ತೆಯ ತೋಳಿನಲ್ಲಿ ಮಗು ಆಕಳಿಸುತ್ತಿತ್ತು. ಅದರ ಅಂಗೈ ನನ್ನ ಅಂಗಿಯ ಗುಂಡಿಯಷ್ಟಿತ್ತು. ಆಗುವುದಿಲ್ಲ, ಇನ್ನೂ ಒಂದು ಕೈ ಬೇಕು ಎಂದು ಹೇಳಿ, ಬಾಟಲಿಯನ್ನು ಜಗಲಿಯ ಮೇಲಿಟ್ಟು ನಾನೇ ಮಣೆ ಹತ್ತಲು ಹೊರಟೆ.

ದೇವೀರಕ್ಕ ನನ್ನನ್ನು ಕೈ ಎತ್ತಿ ತಡೆದರು. ಮಗುವನ್ನು ನೋಡಿದರು, ತಮ್ಮ ಕಾಲನ್ನು ನೋಡಿಕೊಂಡರು. ಎಡಗಾಲಿನ ಮೆಟ್ಟನ್ನು ಹೆಬ್ಬೆರಳಿನಿಂದ ಸಡಿಲಿಸಿ ಪಕ್ಕಕ್ಕೆ ಸರಿಸಿ, ಬೆಳ್ಳಗೆ ನೆನೆದಂತಾಗಿದ್ದ ಅಂಗಾಲನ್ನು ಮೆಲ್ಲಗೆ ಅಂಗಳದ ಮಣ್ಣಿಗೆ ಊರಿದರು. ಪಿಟ್ ಎಂದಿತು. ಅವರ ತಲೆಯ ಕೂದಲು ಒಂದೊಂದಾಗಿ ಕೆಳಗೆ ಬಂದು ಮಲಗಿತು. ಜಗಲಿಯ ಮೇಲಿನ ಬಾಟಲಿಯನ್ನು ಹತ್ತಿರ ತಂದು ಹಿಡಿದೆ. ಎಲೆಗಳು ಕೈ ಮುಗಿದ ಹಾಗೆ ಮುಚ್ಚಿಕೊಂಡೇ ಇದ್ದವು. ಸೊನ್ನೆ.

"ಒಂದೇ ಬಿಟ್ಟಿರೋದು," ಎಂದರು ದೇವೀರಕ್ಕ, ಎಲ್ಲರಿಗೂ ಕೇಳಿಸುವ ಹಾಗೆ. "ಇನ್ನೊಂದು ಕಾಲಲ್ಲೇ ಇದೆ. ಅರ್ಧ ಇಳಿಸಿದೀನಿ, ಅಷ್ಟೇ."

ನಾನು ಬಾಯಿ ತೆರೆದೆ. ಒಂದು ಕಾಲು ನೆಲ ಮುಟ್ಟಿದ ಮೇಲೆ ಇನ್ನೊಂದು ಎಷ್ಟು ಮರದ ಮೇಲಿದ್ದರೇನು ಎಂದು ಬಾಯಿ ತುದಿಯವರೆಗೆ ಬಂದಿತ್ತು. ಕೆಂಪಾಜಿ ಮಣೆಯಿಂದ ಇಳಿಯುವ ನೆವದಲ್ಲಿ ನನ್ನ ಪಾದದ ಮೇಲೆ ಭಾರವಾಗಿ ಕಾಲಿಟ್ಟಳು. ಅವಳಲ್ಲಿದ್ದ ಎರಡೂವರೆಯೂ ನನಗೇ ಬಿತ್ತು.

"ಹೌದಕ್ಕ," ಎಂದೆ ಕಾಲು ಉಜ್ಜಿಕೊಳ್ಳುತ್ತ. "ಅರ್ಧಾನೇ."

ಸೋದರತ್ತೆ ಮಗುವನ್ನು ಕೊಟ್ಟರು, ಎಣ್ಣೆಯ ಬಟ್ಟಲನ್ನೂ ಕೊಟ್ಟರು. ದೇವೀರಕ್ಕ ಒಂದು ಕಾಲು ಟಕ್ ಎನ್ನಿಸುತ್ತ, ಇನ್ನೊಂದು ಕಾಲು ಸದ್ದಿಲ್ಲದೆ ಇಡುತ್ತ ತಡಿಕೆಯ ಹಿಂದೆ ಹೋದರು. ಚೆಲುವಿ ಹಂಡೆಯಿಂದ ನೀರು ಬೆರೆಸಿಕೊಡುವ ಸದ್ದು, ಚೊಂಬಿನ ಸದ್ದು, ತಾಯಿ ಮಗಳಿಗೆ ನೀರು ಇಷ್ಟು ಬಿಸಿಯೇನೇ ಎಂದು ಗದರುವ ಸದ್ದು ಬಂತು. ಮಗು ಒಮ್ಮೆ ಜೋರಾಗಿ ಅತ್ತು, ಎಣ್ಣೆಯ ಕೈ ಬೆನ್ನಿನ ಮೇಲೆ ಓಡಿದ ಹಾಗೆ ಸಮಾಧಾನವಾಯಿತು. ನಾನು ಕುಲಾವಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಕಾಯುತ್ತ ನಿಂತೆ. ಮರಿದೇವ ಪೊರಕೆಗೂದಲನ್ನು ಒದ್ದೆ ಕೈಯಲ್ಲಿ ಒತ್ತಿ ಒತ್ತಿ ಕೂರಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ತಡಿಕೆಯ ಕೆಳಗಿನಿಂದ ಸೀಗೆಯ ನೊರೆಯ ನೀರು ಅಂಗಳಕ್ಕೆ ಹರಿದು ಬಂತು. ಅದರ ಜೊತೆಗೆ ಬಲಗಾಲಿನ ಮರದ ಮೆಟ್ಟೂ ತೇಲುತ್ತ, ನಿಧಾನವಾಗಿ ತಿರುಗುತ್ತ ನನ್ನವರೆಗೂ ಬಂತು. ನಾನು ಕಾಲು ಸರಿಸಿ ದಾರಿ ಬಿಟ್ಟೆ.